ದೊಡ್ಡಪ್ಪನ ತಿದ್ದುಪಡಿ ಪಟ್ಟಿ

ನಮ್ಮ ದೊಡ್ಡಪ್ಪನ ಕೈಕೆಳಗೆ ಓದಿದವರು ಇತ್ತೀಚೆಗೆ ಚಳ್ಳಕೆರೆ ಪೇಟೆಯಲ್ಲಿ ಅವರನ್ನು ದೂರದಿಂದ ಕಂಡರೆ ಸಾಕು, ಪಕ್ಕದ ಗಲ್ಲಿಗೆ ತಿರುಗಿಬಿಡುತ್ತಾರೆ. ಉತ್ಪ್ರೇಕ್ಷೆಯಲ್ಲ, ಒಂದು ಸಂಜೆ ಅವರ ಹಿಂದೆ ನಡೆಯುತ್ತ ನಾನೇ ಎಣಿಸಿದ್ದೇನೆ: ನಾಲ್ಕು ಜನ. ಅವರಲ್ಲೊಬ್ಬ ಗಡಿಬಿಡಿಯಲ್ಲಿ ಬಳೆ ಅಂಗಡಿಗೆ ನುಗ್ಗಿ, ಬೇರೆ ದಾರಿ ಕಾಣದೆ ಒಂದು ಡಜನ್ ಹಸಿರು ಬಳೆ ಕೊಂಡು ಹೊರಬಂದ. ಮನೆಯಲ್ಲಿ ಅವನಿಗೆ ಏನಾಯಿತೋ ಗೊತ್ತಿಲ್ಲ.

ದೊಡ್ಡಪ್ಪ ಹೊಡೆಯುತ್ತಾರೆ ಎಂಬ ಭಯವೆ? ಅಲ್ಲ. ಚಂದಾ ಕೇಳುತ್ತಾರೆಂದೆ? ಅದೂ ಅಲ್ಲ. ಪಾಠ ಮಾಡುತ್ತಾರೆ. ಅದೂ ಇಪ್ಪತ್ತು ಮೂವತ್ತು ವರ್ಷದ ಹಿಂದೆ ಮಾಡಿದ ಪಾಠವನ್ನೇ, ಆಗ ಹೇಳಿದ್ದಕ್ಕೆ ನೇರ ತದ್ವಿರುದ್ಧವಾಗಿ.

ನಾನು ಎಣ್ಣೆ ಮಿಲ್ಲೊಂದರಲ್ಲಿ ಹಾಜರಿ ಬರೆಯುವವಳು. ಮಿಲ್ಲು ಹತ್ತಿರವೆಂದು ಎರಡು ವರ್ಷದಿಂದ ದೊಡ್ಡಪ್ಪನ ಮನೆಯಲ್ಲೇ ಇದ್ದೇನೆ. ದಿನವಿಡೀ ಬಂದವರೆಷ್ಟು, ಬಾರದವರೆಷ್ಟು ಎಂದು ಬರೆದ ಕೈ ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ತಾರೀಕು ಹಾಕಿ ಡೈರಿಯಲ್ಲಿ ಎಲ್ಲವನ್ನೂ ಎಣಿಸಿಡುತ್ತೇನೆ. ನಲ್ಲಿಯಲ್ಲಿ ನೀರು ಬಾರದ ದಿನಗಳು ಒಂದು ಪಟ್ಟಿ, ದೊಡ್ಡವ್ವ ಮುನಿಸಿಕೊಂಡ ದಿನಗಳು ಇನ್ನೊಂದು ಪಟ್ಟಿ. ಎರಡೂ ಹೆಚ್ಚುಕಡಿಮೆ ಒಂದೇ. ಈ ಅಭ್ಯಾಸದಿಂದಾಗಿಯೇ ದೊಡ್ಡಪ್ಪನ ಕೈಗೆ ಸಿಕ್ಕಿಬಿದ್ದೆ.

ದೊಡ್ಡಪ್ಪ ತಳಕಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದರು. ಅಲ್ಲಿ ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಬೀರು. ಅದರೊಳಗೆ ಒಂದು ಗಾಜಿನ ಬೀಕರು, ಎರಡು ಅಯಸ್ಕಾಂತ, ಒಂದು ಸೂಕ್ಷ್ಮದರ್ಶಕ. ಒಡೆದರೆ ತಾನೇ ಹೊಣೆ ಎಂಬ ಹೆದರಿಕೆಯಿಂದ ಬೀಕರನ್ನು ಅವರು ಒಮ್ಮೆಯೂ ಹೊರಗೆ ತೆಗೆದವರಲ್ಲ. ಪ್ರಯೋಗಗಳನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಕಪ್ಪು ಹಲಗೆಯ ಮೇಲೆಯೇ ಮಾಡಿ ಮುಗಿಸುತ್ತಿದ್ದರು. ಹಲಗೆಯ ಮೇಲೆ ಅವರ ಯಾವ ಪ್ರಯೋಗವೂ ಕೆಟ್ಟಿದ್ದಿಲ್ಲ.

ಡೈರಿಯ ಪ್ರಕಾರ ಇದೆಲ್ಲ ಶುರುವಾದದ್ದು ಡಿಸೆಂಬರಿನ ಎರಡನೇ ಭಾನುವಾರ. ತಪ್ಪು ನನ್ನದೇ. ನಿವೃತ್ತರಾಗಿ ಎಂಟು ವರ್ಷವಾಗಿದ್ದ ದೊಡ್ಡಪ್ಪ ದಿನವಿಡೀ ದೊಡ್ಡವ್ವನ ಅಡುಗೆಯಲ್ಲಿ ದೋಷ ಹುಡುಕುತ್ತ ಕೂರುತ್ತಿದ್ದರು. ಮನೆಯ ಶಾಂತಿಗಾಗಿ ಅವರ ಫೋನಿನಲ್ಲಿ ಶಾಲಾ ಮಕ್ಕಳಿಗೆ ಉಚಿತವಾಗಿ ವಿಜ್ಞಾನ ಹೇಳಿಕೊಡುವ ಒಂದು ಕನ್ನಡ ಜಾಲತಾಣ ತೆರೆದುಕೊಟ್ಟೆ. ವಿಡಿಯೊ ಪಾಠ, ಮನೆಯಲ್ಲೇ ಮಾಡುವ ಪ್ರಯೋಗ, ಶಿಕ್ಷಕರಿಗೆ ಟಿಪ್ಪಣಿ, ಕೊನೆಗೆ ರಸಪ್ರಶ್ನೆ, ಎಲ್ಲ ಇತ್ತು.

"ಈ ಹುಡುಗ್ರು ಏನು ಹೇಳಿಕೊಡ್ತಾರೋ ನೋಡ್ತೀನಿ ತಾಳು" ಎಂದು ಕೆಂಪು ಪೆನ್ನು ಹಿಡಿದು ಕೂತರು. ಫೋನಿನ ಮೇಲೆ ಕೆಂಪು ಪೆನ್ನು ಓಡುವುದಿಲ್ಲವೆಂದು ಅವರಿಗೆ ಆಮೇಲೆ ಹೊಳೆಯಿತು.

ಮೊದಲ ಪಾಠವೇ ನಾಲಿಗೆಯದು. ನಾಲಿಗೆಯ ತುದಿಗೆ ಸಿಹಿ, ಅದರ ಪಕ್ಕಕ್ಕೆ ಉಪ್ಪು, ಅಂಚಿಗೆ ಹುಳಿ, ಹಿಂಭಾಗಕ್ಕೆ ಕಹಿ ಎಂದು ದೊಡ್ಡಪ್ಪ ಮೂವತ್ತೆರಡು ವರ್ಷ ನಾಲ್ಕು ಬಣ್ಣದಲ್ಲಿ ನಕ್ಷೆ ಬಿಡಿಸಿದವರು. ಜಾಲತಾಣದ ಹುಡುಗಿ ನಗುನಗುತ್ತ, ಈ ನಕ್ಷೆ ತಪ್ಪು, ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆಗೂ ತಿಳಿಯುತ್ತದೆ, ಬೇಕಾದರೆ ನೀವೇ ಪರೀಕ್ಷಿಸಿ ಎಂದಳು. ದೊಡ್ಡಪ್ಪ ಎದ್ದು ಹಾಗಲಕಾಯಿ ಅರೆದು ರಸ ಹಿಂಡಿದರು. ಹತ್ತಿಯಲ್ಲಿ ಅದ್ದಿ ದೊಡ್ಡವ್ವನ ನಾಲಿಗೆಯ ತುದಿಗೆ ಮುಟ್ಟಿಸಿದರು.

"ಕಹಿ ಐತೋ ಇಲ್ವೋ, ನಿಜ ಹೇಳು."

"ನಲವತ್ತು ವರ್ಷದಿಂದ ನಿಮ್ಮ ಜತಿ ಮಾತಾಡಿ ಮಾತಾಡಿ ನನ್ನ ನಾಲಿಗೆ ತುದಿಯಿಂದ ಬುಡದವರೆಗೂ ಕಹಿಯಾಗೈತೆ" ಎಂದರು ದೊಡ್ಡವ್ವ. "ಅದಕ್ಕೆ ಹಾಗಲಕಾಯಿ ಯಾಕೆ ಹಾಳು ಮಾಡಿದ್ರಿ?"

ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ದೊಡ್ಡಪ್ಪ ಅಟ್ಟ ಹತ್ತಿದರು. ಟ್ರಂಕಿನಲ್ಲಿ ತಾವು ನಕಲು ಮಾಡಿ ಇಟ್ಟುಕೊಂಡಿದ್ದ ಮೂವತ್ತೆರಡು ವರ್ಷದ ಹಾಜರಿ, ಅಂಕಪಟ್ಟಿಗಳನ್ನು ಕೆಳಗಿಳಿಸಿದರು. ಜನವರಿಯೊಳಗೆ ಜಾಲತಾಣದ ಪಾಠಗಳನ್ನೆಲ್ಲ ನೋಡಿ ಮುಗಿಸಿ, ತಾವು ಕಲಿಸಿದ್ದರಲ್ಲಿ ಒಂಬತ್ತು ತಪ್ಪು ಎಂದು ತೀರ್ಮಾನಿಸಿದರು. ಆಮೇಲೆ ನನ್ನನ್ನು ಕರೆದರು.

"ಬಾರವ್ವ. ನೀನು ಹೆಂಗೂ ಡೈರಿ ಬರೀತೀಯಲ್ಲ. ಇದನ್ನೂ ಬರಕೋ. ತಪ್ಪು ಹೇಳಿಕೊಟ್ಟ ಮೇಲೆ ತಿದ್ದೋದು ಮೇಷ್ಟ್ರ ಕೆಲಸ. ಒಬ್ಬೊಬ್ಬರನ್ನೂ ಹುಡುಕಿ ಹೇಳಿ ಬರ್ತೀನಿ."

ಒಟ್ಟು ವಿದ್ಯಾರ್ಥಿಗಳು ಸಾವಿರದ ನೂರ ನಲವತ್ಮೂರು. ಎಂಟು ತಪ್ಪುಗಳು ಎಲ್ಲರ ಪಾಲಿಗೂ ಸಮ. ಒಂಬತ್ತನೆಯ ತಪ್ಪಿನ ಎದುರು ಮಾತ್ರ ಒಂದೇ ಹೆಸರಿತ್ತು: ಓಬಮ್ಮ, ನನ್ನಿವಾಳ. "ಇದೇನು ದೊಡ್ಡಪ್ಪ?" ಎಂದರೆ, "ಅದು ಆಮೇಲೆ" ಎಂದು ಪುಟ ತಿರುಗಿಸಿದರು. ಅವರು ಆಮೇಲೆ ಎಂದು ಯಾವುದನ್ನೂ ಬಿಟ್ಟವರಲ್ಲ. ಅದಕ್ಕೇ ನಾನು ಆ ಸಾಲಿನ ಕೆಳಗೆ ಗೆರೆ ಎಳೆದಿಟ್ಟೆ.

ತಿದ್ದುಪಡಿಗೆ ಮೊದಲು ಸಿಕ್ಕವನು ಬಾಷಾ. ಬಸ್ ನಿಲ್ದಾಣದ ಹಿಂದೆ ಗ್ಯಾರೇಜು ಇಟ್ಟಿದ್ದಾನೆ. ನಾವು ಹೋದಾಗ ಒಂದು ಜೀಪಿನ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ದೊಡ್ಡಪ್ಪ ಕಾಲಿಗೇ ಪಾಠ ಶುರು ಮಾಡಿದರು.

"ಬಾಷಾ, ತಟ್ಟೆ ನೀರಾಗೆ ಮೇಣದಬತ್ತಿ ಹಚ್ಚಿ ಮೇಲೆ ಲೋಟ ಬೋರಲು ಹಾಕಿದ್ರೆ ನೀರು ಮೇಲೇರ್ತೈತೆ, ಆಮ್ಲಜನಕ ಖಾಲಿಯಾದ ಜಾಗಕ್ಕೆ ನೀರು ಬರ್ತೈತೆ ಅಂತ ಹೇಳಿದ್ನಲ್ಲ. ಅದು ತಪ್ಪು ಕಣಯ್ಯ. ಬಿಸಿಯಾದ ಗಾಳಿ ತಣ್ಣಗಾಗಿ ಕುಗ್ಗೋದು ಮುಖ್ಯ ಕಾರಣ."

ಜೀಪಿನ ಕೆಳಗಿನಿಂದ ಸ್ಪ್ಯಾನರಿನ ಸದ್ದು ನಿಂತಿತು. "ಅರೆ ಸಾರ್, ಅದು ನನಗೆ ಇಂಜಿನ್ ಬಿಚ್ಚಿದ ಮೊದಲ ವಾರಾನೇ ಗೊತ್ತಾತು. ಆದ್ರೂ ನೀವು ಹೇಳಿದ್ದೇ ಸರಿ ಇರ್ತೈತೆ, ನಮ್ಮ ಇಂಜಿನ್ನೇ ತಪ್ಪು ಅಂತ ಸುಮ್ಮನಿದ್ದೆ."

ದೊಡ್ಡಪ್ಪನಿಗೆ ಇದು ಮೆಚ್ಚುಗೆಯೋ ಬೈಗುಳವೋ ತಿಳಿಯಲಿಲ್ಲ. ನಾನು ಟಿಕ್ ಹಾಕಿದೆ.

ಚಂದ್ರನಿಂದ ನೋಡಿದರೆ ಚೀನಾದ ಗೋಡೆ ಕಾಣುತ್ತದೆ ಎಂಬುದು ನಾಲ್ಕನೆಯ ತಪ್ಪು. ಹಳೆಯ ಶಿಷ್ಯನೊಬ್ಬ ಯಾವುದೋ ರಸಪ್ರಶ್ನೆಯಲ್ಲಿ ಇದೇ ಉತ್ತರ ಹೇಳಿ ಸ್ಟೀಲಿನ ಟಿಫಿನ್ ಬಾಕ್ಸ್ ಗೆದ್ದಿದ್ದನಂತೆ. ಈಗ ಅದನ್ನು ವಾಪಸ್ ಕೊಡಬೇಕೇನು ಎಂದು ಕೇಳಿದ. ಕುಶಾಲಿಗೆ ಕೇಳಿದ್ದು. ದೊಡ್ಡಪ್ಪ ಎರಡು ದಿನ ಯೋಚಿಸಿ, ಮತ್ತೆ ಅವನ ಮನೆಗೆ ಹೋಗಿ, "ಇಟ್ಕೋ. ತಪ್ಪು ನಂದು, ಬಾಕ್ಸು ನಿಂದು" ಎಂದು ತೀರ್ಪು ಕೊಟ್ಟು ಬಂದರು.

ಜಾಲತಾಣದವರನ್ನೂ ಅವರು ಬಿಡಲಿಲ್ಲ. ಪ್ರತಿ ಪಾಠದ ಕೆಳಗೆ ಅನಿಸಿಕೆ ಬರೆಯುವ ಜಾಗವಿದೆ. ಜನ ಅಲ್ಲಿ 'ಸೂಪರ್ ಮೇಡಂ' ಎಂದು ಬರೆದು ಹೋಗುತ್ತಾರೆ. ದೊಡ್ಡಪ್ಪ ಅಲ್ಲಿ 'ಇವರಿಂದ', 'ಇವರಿಗೆ', 'ವಿಷಯ' ಎಲ್ಲ ಹಾಕಿ, ಕೊನೆಗೆ 'ತಮ್ಮ ವಿಶ್ವಾಸಿ' ಎಂದು ಬರೆದು, ಕೆಳಗೆ ಸಹಿಗೆ ಜಾಗ ಬಿಡುತ್ತಿದ್ದರು. 'ನೀರನ್ನು ಕೋಣೆಯ ಉಷ್ಣತೆಯಲ್ಲಿ ಇಡಿ, ಅಂದರೆ ಇಪ್ಪತ್ತೈದು ಡಿಗ್ರಿ' ಎಂಬ ಪಾಠಕ್ಕೆ ಅವರ ಪತ್ರ: 'ಮಾನ್ಯರೇ, ಈ ಕೋಣೆ ಎಲ್ಲಿದೆ? ನಮ್ಮ ಚಳ್ಳಕೆರೆಯ ಕೋಣೆಯಲ್ಲಿ ಈ ದಿನ ಮೂವತ್ತೆಂಟು ಇದೆ. ದಯವಿಟ್ಟು ಕೋಣೆಯ ವಿಳಾಸ ತಿಳಿಸುವುದು.' ಕಳಿಸಿದ ಪತ್ರಗಳು ಇಪ್ಪತ್ತಮೂರು, ಬಂದ ಉತ್ತರಗಳು ಎರಡು. ಒಂದರಲ್ಲಿ ಹೆಬ್ಬೆರಳಿನ ಚಿತ್ರವಿತ್ತು. ಇನ್ನೊಂದು, ನಮ್ಮ ಹೊಸ ವಿಡಿಯೊಗಳಿಗಾಗಿ ಗಂಟೆಯ ಗುರುತು ಒತ್ತಿ ಎಂದು ಹೇಳುತ್ತಿತ್ತು. ದೊಡ್ಡಪ್ಪ ಒತ್ತಿದರು. ಶಾಲೆಯ ಗಂಟೆಯಂತೆ ಸದ್ದು ಬರುತ್ತದೆಂದು ಸ್ವಲ್ಪ ಹೊತ್ತು ಕಾದರು.

ಆಮೇಲೆ ಕಂಡಕ್ಟರ್ ಪ್ರಸಂಗ. ಮೊಳಕಾಲ್ಮುರಿನ ದಾರಿಯ ಬಸ್ಸಿನಲ್ಲಿ ತಳಕಿಗೆ ಹೊರಟಿದ್ದೆವು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರನ ಮುಖ ದೊಡ್ಡಪ್ಪನಿಗೆ ಗುರುತು ಸಿಕ್ಕಿಬಿಟ್ಟಿತು. ಚಲಿಸುವ ಬಸ್ಸಿನಲ್ಲಿ ಪಕ್ಕದ ಗಲ್ಲಿ ಎಲ್ಲಿಂದ ಬರಬೇಕು?

"ಅಶುದ್ಧ ರಕ್ತ ನೀಲಿ ಬಣ್ಣ ಇರ್ತೈತೆ ಅಂತ ಹೇಳಿದ್ನಲ್ಲಪ್ಪ, ತಪ್ಪು. ಎಲ್ಲಾ ಕೆಂಪೇ. ಚಿತ್ರದಾಗೆ ಗುರುತಿಗೆ ನೀಲಿ ಹಾಕಿರ್ತಾರೆ ಅಷ್ಟೆ."

"ಸಾರ್, ನನಗೆ ಅದು ಬೇಡ್ರಿ. ನೀವು ಹೇಳಿದ್ದು ಒಂದಕ್ಷರ ನೆನಪಿಲ್ಲ. ವಿಜ್ಞಾನದಾಗೆ ಮೂರು ಸಲ ಹೋದೋನು ನಾನು. ಚಿಲ್ಲರೆ ಕೊಡ್ರಿ."

"ಒಂದೂ ನೆನಪಿಲ್ವಾ? ನಾಲಿಗೆ ನಕ್ಷೆ?"

"ನಾಲಿಗೆ ಐತೆ ಅನ್ನೋದು ಗೊತ್ತು ಸಾರ್."

ದೊಡ್ಡಪ್ಪನ ಮುಖ ಅರಳಿದ್ದನ್ನು ನಾನು ಆ ನಾಲ್ಕು ತಿಂಗಳಲ್ಲಿ ಅದೊಂದೇ ಸಲ ನೋಡಿದ್ದು. "ಇಂಥ ಶಿಷ್ಯರು ಇನ್ನೂ ನೂರು ಜನ ಇದ್ದಿದ್ರೆ ನನ್ನ ಕೆಲಸ ಎಷ್ಟು ಹಗುರ ಆಗ್ತಿತ್ತು" ಎಂದರು. ನಾನು ಡೈರಿಯಲ್ಲಿ 'ಮರೆತವರು' ಎಂಬ ಹೊಸ ಕಾಲಂ ಹಾಕಿದೆ.

ಏಪ್ರಿಲ್ ಮೊದಲ ವಾರ ಕೂತು ಲೆಕ್ಕ ಹಾಕಿದೆ. ಆಗಬೇಕಾದ ತಿದ್ದುಪಡಿ ಒಂಬತ್ತು ಸಾವಿರದ ನೂರ ನಲವತ್ತೈದು. ನಾಲ್ಕು ತಿಂಗಳಲ್ಲಿ ಆಗಿರುವುದು ಅರವತ್ತೊಂದು. ಇದೇ ವೇಗದಲ್ಲಿ ಹೋದರೆ ಇನ್ನೂ ಐವತ್ತು ವರ್ಷ ಬೇಕು. ದೊಡ್ಡಪ್ಪನಿಗೆ ಈಗ ಅರವತ್ತೆಂಟು.

"ನೂರ ಹದಿನೆಂಟಕ್ಕೆ ಮುಗಿಯುತ್ತೆ ದೊಡ್ಡಪ್ಪ" ಎಂದೆ.

ನಗುತ್ತಾರೆಂದು ಹೇಳಿದ್ದು. ಅವರು ನಗಲಿಲ್ಲ. ಡೈರಿ ಇಸಿದುಕೊಂಡು, ನಾನು ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟರು. "ಹಂಗಾದ್ರೆ ಇದನ್ನ ಮೊದಲು ಮುಗಿಸೋಣ" ಎಂದರು.

ಆಗ ಹೇಳಿದ್ದು ಇದು. ಮೂವತ್ತೊಂದು ವರ್ಷದ ಹಿಂದೆ ಎಂಟನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ: ನಡುಮಧ್ಯಾಹ್ನ ಕಂಬದ ನೆರಳು ಹೇಗಿರುತ್ತದೆ? ಬರೆಯಬೇಕಾದ ಉತ್ತರ, ಅತಿ ಚಿಕ್ಕದಾಗಿರುತ್ತದೆ. ಕುರಿ ಕಾಯುವವರ ಮನೆಯ ಓಬಮ್ಮ ಬರೆದದ್ದು: 'ನಮ್ಮ ಕುರಿಹಟ್ಟಿ ಕಂಬಕ್ಕೆ ವರ್ಷದಲ್ಲಿ ಎರಡು ದಿನ ನೆರಳೇ ಇರುವುದಿಲ್ಲ.' ದೊಡ್ಡಪ್ಪ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿದರು. ಓಬಮ್ಮನಿಗೆ ವಿಜ್ಞಾನದಲ್ಲಿ ಒಟ್ಟು ಮೂವತ್ನಾಲ್ಕು ಬಂತು. ಪಾಸಾಗಲು ಮೂವತ್ತೈದು ಬೇಕು. ಬೇಸಿಗೆ ರಜೆ ಕಳೆದು ಜೂನಿನಲ್ಲಿ ಶಾಲೆ ಶುರುವಾದಾಗ ಅವಳು ಬರಲಿಲ್ಲ. ನಪಾಸಾದವಳಿಗೆ ಶಾಲೆ ಯಾಕೆಂದು ಅವರಪ್ಪ ಕುರಿ ಹಿಂದೆ ಕಳಿಸಿದನಂತೆ.

ಈಗ ಜಾಲತಾಣದಲ್ಲಿ 'ನೆರಳಿಲ್ಲದ ದಿನ' ಎಂದು ಒಂದು ಪಾಠವೇ ಇದೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಊರಿನ ಹೆಸರು ಒತ್ತಿದರೆ ದಿನ, ಗಂಟೆ, ನಿಮಿಷ ಎಲ್ಲ ತೋರಿಸುತ್ತದೆ.

"ಆ ಹುಡುಗಿ ಕಣ್ಣಲ್ಲಿ ಕಂಡಿದ್ದು ಬರೆದಿದ್ಲು. ನಾನು ಪುಸ್ತಕದಾಗೆ ಇಲ್ಲ ಅಂತ ಸೊನ್ನೆ ಹಾಕಿದೆ" ಎಂದರು ದೊಡ್ಡಪ್ಪ. "ಹೊರಗೆ ಹೋಗಿ ಒಂದು ಸಲ ನೋಡಬಹುದಿತ್ತು. ಸೂರ್ಯನಿಗೇನು ಬೀಗ ಹಾಕಿರಲಿಲ್ಲ."

ಓಬಮ್ಮನನ್ನು ಹುಡುಕಲು ಹೆಚ್ಚು ದಿನ ಹಿಡಿಯಲಿಲ್ಲ. ಎಲ್ಲವನ್ನೂ ಮರೆತ ಆ ಕಂಡಕ್ಟರ್ ಕೂಡ ನನ್ನಿವಾಳದವನೇ. "ಪಾಠ ಮರೆತೀನಿ ಸಾರ್, ಊರೋರನ್ನ ಮರೀತೀನಾ? ಮೊಳಕಾಲ್ಮುರಿಗೆ ಕೊಟ್ಟಾರೆ. ಅಲ್ಲಿ ರೇಷ್ಮೆ ಸೀರೆ ನೇಯ್ತಾಳೆ" ಎಂದು ಬೀದಿಯ ಗುರುತು ಹೇಳಿದ.

ಏಪ್ರಿಲ್ ಕೊನೆಯ ವಾರ ಚಳ್ಳಕೆರೆಗೆ ನೆರಳಿಲ್ಲದ ದಿನ. ಮೊಳಕಾಲ್ಮುರು ಇನ್ನಷ್ಟು ಉತ್ತರಕ್ಕಿರುವುದರಿಂದ ಅಲ್ಲಿಗೆ ಅದರ ಮಾರನೆಯ ದಿನ. ದೊಡ್ಡಪ್ಪ ಇದನ್ನು ದೇವರೇ ಕೊಟ್ಟ ತಾಲೀಮಿನ ಅವಕಾಶ ಎಂದರು. ಮಾಳಿಗೆಯ ಮೇಲೆ ದೊಡ್ಡವ್ವ ಸಂಡಿಗೆ ಒಣಹಾಕಿದ್ದರು. ಅದರ ನಡುವೆ ನೀರಿನ ಪೈಪಿನ ತುಂಡು, ತಂಬಿಗೆ, ಒನಕೆ ಎಲ್ಲ ನಿಲ್ಲಿಸಿದರು. ಮುರಿದ ಸಂಡಿಗೆಗಳು: ಹದಿನಾಲ್ಕು. ಹನ್ನೆರಡು ದಾಟಿ ಇಪ್ಪತ್ತೊಂದು ನಿಮಿಷಕ್ಕೆ ಪೈಪಿನ ನೆರಳು ಸಣ್ಣಗಾಗಿ, ಸಣ್ಣಗಾಗಿ, ಇಲ್ಲವಾಯಿತು. ಬೈಯಲೆಂದು ಮೇಲೆ ಬಂದಿದ್ದ ದೊಡ್ಡವ್ವ ಬೈಯುವುದನ್ನು ಮರೆತು ತಂಬಿಗೆ ಎತ್ತಿ ಅದರಡಿ ನೋಡಿದರು, ನೆರಳು ಅಲ್ಲೇನಾದರೂ ಅವಿತಿದೆಯೋ ಎಂದು.

"ಆ ಹುಡುಗಿಗೆ ಹೋಗಿ ಹೇಳಿ ಬರ್ರಿ" ಎಂದರು. "ಸಂಡಿಗೆ ವಿಷಯ ಆಮೇಲೆ ಮಾತಾಡಣ."

ಮಾರನೆಯ ದಿನ ನಾನು ಮಿಲ್ಲಿಗೆ ರಜೆ ಹಾಕಿದೆ. ಬಸ್ಸಿನಲ್ಲಿ ದೊಡ್ಡಪ್ಪ ಪೈಪನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹೇಳಬೇಕಾದ ಮಾತನ್ನು ತುಟಿಯಲ್ಲೇ ಉರು ಹೊಡೆಯುತ್ತಿದ್ದರು. ಅದರಲ್ಲಿ 'ಮಾನ್ಯರೇ' ಎಂಬ ಪದ ಎರಡು ಸಲ ಕೇಳಿಸಿತು.

ಮಗ್ಗದ ಸದ್ದಿನ ಬೀದಿ. ಬಾಗಿಲು ತಟ್ಟಿದಾಗ ಒಳಗಿನ ಸದ್ದು ನಿಂತು, ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಹೊರಬಂದರು. ಸೆರಗಿಗೆ ಕೆಂಪು ರೇಷ್ಮೆಯ ಎಳೆ ಅಂಟಿತ್ತು.

"ಯಾರು ಬೇಕ್ರಿ?"

"ಓಬಮ್ಮ ಅಲ್ವೇನಮ್ಮ? ನನ್ನಿವಾಳದೋಳು. ಎಂಟನೇ ಕ್ಲಾಸಿನಾಗೆ..." ದೊಡ್ಡಪ್ಪ ತಡವರಿಸಿದರು. "ವಿಜ್ಞಾನದಾಗೆ ನಿನಗೆ..."

"ಮೂವತ್ನಾಕು" ಎಂದರು ಆಕೆ.

ಉರು ಹೊಡೆದಿದ್ದೆಲ್ಲ ದೊಡ್ಡಪ್ಪನಿಗೆ ಮರೆತುಹೋಯಿತು. ಪೈಪನ್ನು ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಜೇಬಿನಿಂದ ಫೋನ್ ತೆಗೆದರು. ಬಿಸಿಲಿಗೆ ಪರದೆ ಕಾಣದೆ, ಕನ್ನಡಕ ಏರಿಸಿ ಇಳಿಸಿ ನಿಮಿಷ ಹುಡುಕತೊಡಗಿದರು. ಜಾಲತಾಣದ ಪ್ರಕಾರ ಇನ್ನೇನು ಆಗಬೇಕು, ಆದರೆ ಸಿಗ್ನಲ್ ಇಲ್ಲ, ಏನೋ ಚಕ್ರ ತಿರುಗುತ್ತಿದೆ ಎಂದು ತೊದಲಿದರು.

"ಫೋನು ಬಿಡ್ರಿ ಸಾರ್" ಎಂದರು ಓಬಮ್ಮ. "ಕೆಳಗೆ ನೋಡ್ರಿ."

ಹಾಸುಗಲ್ಲಿನ ಮೇಲೆ ಪೈಪು ಇತ್ತು, ನೆರಳು ಇರಲಿಲ್ಲ.

"ನೀನು ಬರೆದಿದ್ದು ಸರಿ ಇತ್ತಮ್ಮ" ಎಂದರು ದೊಡ್ಡಪ್ಪ. "ನಂದೇ ತಪ್ಪು. ಒಂದು ಮಾರ್ಕ್ ಕೊಡಬೇಕಿತ್ತು. ಕೊಡಾಕೆ ಬಂದೀನಿ." ಚೀಲದಿಂದ ಹಳೆಯ ಅಂಕಪಟ್ಟಿ ತೆಗೆದು, ಓಬಮ್ಮನ ಹೆಸರಿನ ಮುಂದಿನ ಮೂವತ್ನಾಲ್ಕನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಮೂವತ್ತೈದು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ, ತಾರೀಕು ಹಾಕಿದರು.

ಓಬಮ್ಮ ಆ ಅಂಕಿಯನ್ನು ಸುಮಾರು ಹೊತ್ತು ನೋಡಿದರು. "ಒಂದು ಮಾರ್ಕ್ ತಗಂಡು ಬರಾಕೆ ಮೂವತ್ತೊಂದು ವರ್ಷ ಬೇಕಾತಾ ಸಾರ್? ತಳಕಿನಿಂದ ಬಸ್ಸು ಅಷ್ಟು ನಿಧಾನ ಬರ್ತೈತಾ?"

ದೊಡ್ಡಪ್ಪ ತಲೆ ತಗ್ಗಿಸಿದರು. ಸಾವಿರದ ನೂರ ನಲವತ್ಮೂರು ಜನರನ್ನು ತಲೆ ತಗ್ಗಿಸಿ ನಿಲ್ಲಿಸಿದವರು ತಾವೇ ಹಾಗೆ ನಿಂತದ್ದನ್ನು ನಾನು ಡೈರಿಯಲ್ಲಿ ಬರೆದಿಲ್ಲ.

ಒಳಗಿನಿಂದ ಓಬಮ್ಮನ ಅತ್ತೆ ತೆಲುಗಿನಲ್ಲಿ ಯಾರದು ಎಂದು ಕೂಗಿ ಕೇಳಿದರು. ಓಬಮ್ಮ ಬಾಗಿಲ ಕಡೆ ತಿರುಗಿ, ತೆಲುಗಿನಲ್ಲೇ, ನಮ್ಮ ಮೇಷ್ಟ್ರು, ನಾನು ಎಂಟನೇ ಕ್ಲಾಸು ಪಾಸಾದೆ ಎಂದು ಕೂಗಿ ಹೇಳಿದರು. ಮುದುಕಿ ಒಳಗಿನಿಂದಲೇ, ಹಾಗಾದರೆ ಮೇಷ್ಟ್ರಿಗೆ ಮಜ್ಜಿಗೆ ಕೊಡು ಎಂದರು.

ಮಜ್ಜಿಗೆ ಕುಡಿದು ಏಳುವಾಗ ಓಬಮ್ಮ ನಗುತ್ತ ಕೇಳಿದರು: "ಹಂಗಾದ್ರೆ ಒಂಬತ್ತನೇ ಕ್ಲಾಸಿಗೆ ಎಂದಿನಿಂದ ಬರಲಿ ಸಾರ್?"

ತಮಾಷೆಗೆ ಕೇಳಿದ್ದು. ಆದರೆ ಜೀವಮಾನದಲ್ಲಿ ಒಂದು ತಮಾಷೆಯೂ ನಮ್ಮ ದೊಡ್ಡಪ್ಪನಿಗೆ ಅರ್ಥವಾಗಿಲ್ಲ. "ಸೋಮವಾರದಿಂದ" ಎಂದರು. "ನೀನು ಬರೋದು ಬೇಡ. ನಾನೇ ಬರ್ತೀನಿ."

ಓಬಮ್ಮನ ನಗು ನಿಂತಿತು. ಸೆರಗಿಗೆ ಅಂಟಿದ್ದ ಎಳೆಯನ್ನು ಬಿಡಿಸಿ ಬೆರಳಿಗೆ ಸುತ್ತಿಕೊಂಡರು. "ಸೋಮವಾರ ಮಗ್ಗ ಇರ್ತೈತೆ ಸಾರ್. ಅಮಾಸೆ ದಿನ ನಾವು ನೇಯಲ್ಲ. ಅವತ್ತು ಬರ್ರಿ" ಎಂದರು.

ಅಂದಿನಿಂದ ಮೂರು ಅಮಾವಾಸ್ಯೆ ಕಳೆದಿವೆ, ಮೂರಕ್ಕೂ ಇಬ್ಬರೂ ಹಾಜರು. ಪೇಟೆಯಲ್ಲಿ ಹಳೆಯ ಶಿಷ್ಯರು ಈಗಲೂ ಗಲ್ಲಿಗೆ ತಿರುಗುತ್ತಾರೆ, ಪಟ್ಟಿ ಇನ್ನೂ ಒಂಬತ್ತು ಸಾವಿರದ ಮೇಲೇ ಇದೆ. ಮಗ್ಗದ ಮುಂದೆ ಚಾಪೆ ಹಾಸಿ, ಫೋನನ್ನು ನೂಲಿನ ಡಬ್ಬಿಗೆ ಒರಗಿಸಿಟ್ಟು, ಇಬ್ಬರೂ ಒಂಬತ್ತನೇ ತರಗತಿಯ ಪಾಠ ನೋಡುತ್ತಾರೆ. ಪಾಠ ಮುಗಿದ ಮೇಲೆ, ಇದು ಹೌದೋ ಅಲ್ಲವೋ ಎಂದು ಹೊರಗೆ ಹೋಗಿ ನೋಡುತ್ತಾರೆ.

ಮೊದಲ ಅಮಾವಾಸ್ಯೆಗೆ ಹೊರಡುವ ಮುಂಚೆ ದೊಡ್ಡಪ್ಪ ನನ್ನಿಂದ ಒಂದು ಹಾಜರಿ ಪುಸ್ತಕ ಮಾಡಿಸಿಕೊಂಡರು. ಅದು ನನ್ನ ಕಸುಬು, ನೀಟಾಗಿ ಗೆರೆ ಹಾಕಿಕೊಟ್ಟೆ. ವಿದ್ಯಾರ್ಥಿಗಳು ಎಂಬ ಕಡೆ ಓಬಮ್ಮನ ಹೆಸರು ಬರೆಸಿದರು. ಅದರ ಕೆಳಗೆ ತಮ್ಮ ಹೆಸರು ಬರೆಸಿದರು.

"ಶಿಕ್ಷಕರು ಅನ್ನೋ ಕಡೆ ಯಾರ ಹೆಸರು ಬರೀಲಿ ದೊಡ್ಡಪ್ಪ?"

"ಅದು ಖಾಲಿ ಬಿಡವ್ವ" ಎಂದರು.